ಹಿಂದೆ ಜಾಗ ಇದ್ದರೂ ಬಾಗಿಲಲ್ಲೇ ಯಾಕೆ ನಿಲ್ಲುತ್ತೀರಿ?

ಸಂಜೆ ಬಸ್ಸು:
ನಿನ್ನೆ ನಡೆದದ್ದು ಇದು. ಕತ್ತಲಾಗುತ್ತಿತ್ತು, ಸಣ್ಣಗೆ ಮಳೆ ಬೇರೆ. ಸ್ಟಾಪಿನಲ್ಲಿ ಹತ್ತು ಹನ್ನೆರಡು ಜನ ಕಾಯುತ್ತಿದ್ದೆವು. ಬಸ್ಸು ಬಂತು. ಬಾಗಿಲಿನ ತುಂಬ ಜನ. ಮೆಟ್ಟಿಲ ಮೇಲೂ ಇಬ್ಬರು ನಿಂತಿದ್ದರು. ನಮ್ಮಲ್ಲಿ ಮೂವರು ಹೇಗೋ ತೂರಿಕೊಂಡು ಹತ್ತಿದರು. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಇದ್ದರು, ಕೈಯಲ್ಲಿ ಆಸ್ಪತ್ರೆಯ ಫೈಲು. ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟರು. ಇನ್ನೊಂದು ಕಾಲಿಗೆ ಜಾಗ ಸಿಗಲಿಲ್ಲ. ಮೇಲಿದ್ದವರು ಯಾರೂ ಅಲುಗಾಡಲಿಲ್ಲ. ಅವರು ಹಾಗೇ ಇಳಿದುಬಿಟ್ಟರು.

ಬಸ್ಸು ಹೊರಟಿತು. ಒಳಗೆ ದೀಪ ಹಾಕಿತ್ತು, ಹಾಗಾಗಿ ಎಲ್ಲ ಚೆನ್ನಾಗಿ ಕಂಡಿತು. ಮುಂದಿನ ಅರ್ಧ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂದಿನ ಅರ್ಧದಲ್ಲಿ ನಿಂತಿದ್ದವರು ನಾಲ್ಕೈದು ಜನ, ಅಷ್ಟೇ. ಕಂಬಿಗೆ ಒರಗಿಕೊಂಡು ಆರಾಮವಾಗಿ ಮೊಬೈಲ್ ನೋಡುತ್ತಿದ್ದರು. ನಾವು ಅಷ್ಟೂ ಜನ ಅಲ್ಲಿ ಹಿಡಿಸುತ್ತಿದ್ದೆವು.

ಮುಂದಿನ ಬಸ್ಸು ಬರಲು 35 ನಿಮಿಷ ಹಿಡಿಯಿತು. ಅಜ್ಜಿ ಸ್ಟಾಪಿನ ಕಟ್ಟೆಯ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ನನಗೆ ರಾತ್ರಿಯಿಡೀ ಅದೇ ನೆನಪು.

ಬಸ್ಸಿನಲ್ಲಿ ಕಾಲು ತುಳಿದರೆ, ಭುಜ ತಾಗಿದರೆ ನಾವು ಜಗಳ ಆಡುತ್ತೇವೆ. ಆದರೆ ಹತ್ತಲಾಗದೆ ಹಿಂದೆ ಉಳಿದವರು ಯಾರ ಜೊತೆ ಜಗಳ ಆಡಬೇಕು? ಅವರನ್ನು ಒಳಗಿದ್ದವರು ನೋಡಿಯೇ ಇರುವುದಿಲ್ಲ. ಬಾಗಿಲಲ್ಲಿ ನಿಲ್ಲುವವರು ಇಲ್ಲಿ ಯಾರಾದರೂ ಇದ್ದರೆ ಕಾರಣ ಹೇಳಿ. ಬಯ್ಯಲು ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಕಿಟಕಿ ಪಕ್ಕ:
ಓದಿ ಬೇಜಾರಾಯಿತು. ನಮ್ಮ ರೂಟಿನಲ್ಲೂ ದಿನಾ ಇದೇ ಕಥೆ. ಕಂಡಕ್ಟರ್ "ಹಿಂದೆ ಹೋಗಿ, ಹಿಂದೆ ಹೋಗಿ" ಎಂದು ಗಂಟಲು ಹರಿದುಕೊಳ್ಳುತ್ತಾರೆ. ಎಲ್ಲರೂ ಅದು ಬೇರೆ ಯಾರಿಗೋ ಹೇಳಿದ್ದು ಅಂದುಕೊಳ್ಳುತ್ತಾರೆ.

ನಾಲ್ಕನೇ ಸ್ಟಾಪು:
ನಾನು ಬಾಗಿಲ ಹತ್ತಿರ ನಿಲ್ಲುವವನೇ. ಕೇಳಿದಿರಲ್ಲ, ಹೇಳುತ್ತೇನೆ.

ನಾನು ಇಳಿಯುವುದು ನಾಲ್ಕನೇ ಸ್ಟಾಪಿನಲ್ಲಿ. ಮೊದಮೊದಲು ಒಳಗೇ ಹೋಗುತ್ತಿದ್ದೆ. ಎರಡು ಸಲ ಇಳಿಯಲು ಆಗಲಿಲ್ಲ. ಒಂದು ಸಲವಂತೂ "ಇಳಿಯಬೇಕು, ಇಳಿಯಬೇಕು" ಅನ್ನುತ್ತಾ ಬಾಗಿಲವರೆಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದೆ. ಕೆಲಸಕ್ಕೆ ತಡವಾಯಿತು, ಮೇಲಿನವರಿಂದ ಎಲ್ಲರ ಎದುರು ಮಾತು ಕೇಳಬೇಕಾಯಿತು. ಅವತ್ತಿನಿಂದ ಬಾಗಿಲು ಬಿಟ್ಟು ಕದಲುವುದಿಲ್ಲ.

ನನ್ನಿಂದ ಯಾರೋ ಮಳೆಯಲ್ಲಿ ನಿಲ್ಲಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ. ಅದು ನಿಜ. ಆದರೆ ಒಳಗೆ ಹೋದರೆ ಹೊರಗೆ ಬರುವ ದಾರಿ ಯಾವುದು, ಅದನ್ನು ಹೇಳಿ.

ಸಂಜೆ ಬಸ್ಸು:
ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್. ಈ ಭಯ ನನಗೂ ಗೊತ್ತು. ಹಾಗಾದರೆ ಬಾಗಿಲಲ್ಲಿ ಜನ ನಿಂತಿರುವುದರಿಂದ ಒಳಗಿದ್ದವರಿಗೆ ಇಳಿಯಲು ಆಗುವುದಿಲ್ಲ. ಇಳಿಯಲು ಆಗದು ಎಂಬ ಭಯಕ್ಕೆ ಎಲ್ಲರೂ ಬಾಗಿಲಲ್ಲೇ ನಿಲ್ಲುತ್ತಾರೆ. ಸುತ್ತಿ ಸುತ್ತಿ ಅಲ್ಲಿಗೇ ಬಂತು ಅಲ್ವಾ?

ಸ್ಟಿಯರಿಂಗ್ ಹಿಂದೆ:
ಬಸ್ ಓಡಿಸುವ ಕೆಲಸ ನನ್ನದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಡ್ರೈವರಿಗೆ ಬಸ್ಸಿನ ಹಿಂಭಾಗ ಕಾಣುವುದು ಒಂದು ಕನ್ನಡಿಯಲ್ಲಿ. ಮುಂದೆ ಜನ ತುಂಬಿದರೆ ಆ ಕನ್ನಡಿಯಲ್ಲಿ ಬರೀ ತಲೆಗಳು. ಹಿಂದೆ ಜಾಗ ಇದೆಯಾ ಇಲ್ಲವಾ ನನಗೆ ತಿಳಿಯುವುದಿಲ್ಲ. ಮೆಟ್ಟಿಲ ಮೇಲೆ ಜನ ನಿಂತರೆ ಬಾಗಿಲ ಕಡೆಯ ಹೊರಗನ್ನಡಿಯೂ ಮರೆಯಾಗುತ್ತದೆ. ಪಕ್ಕದಲ್ಲಿ ಬೈಕ್ ಬಂದರೆ, ಯಾರೋ ಓಡಿ ಬಂದು ಹತ್ತಲು ನೋಡಿದರೆ, ಕಾಣುವುದೇ ಇಲ್ಲ. ಅದಕ್ಕೇ ನಾವು ಕೂಗಾಡುವುದು. ಸಿಟ್ಟು ಅಲ್ಲ, ಹೆದರಿಕೆ.

ಇನ್ನೊಂದು ವಿಷಯ. ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಯಾರೋ ಅಡ್ಡ ಬಂದರೆ ಬ್ರೇಕ್ ಒತ್ತಲೇಬೇಕು. ಬಸ್ಸು ನಿಲ್ಲುತ್ತದೆ, ನಿಂತವರ ಮೈ ನಿಲ್ಲುವುದಿಲ್ಲ. ಕಂಬಿ ಹಿಡಿಯದೆ ಎರಡೂ ಕೈಯಲ್ಲಿ ಮೊಬೈಲ್ ಹಿಡಿದವರು ಮುಂದಿನವರ ಮೇಲೆ ಬೀಳುತ್ತಾರೆ, ಅವರು ಅವರ ಮುಂದಿನವರ ಮೇಲೆ. ಬಾಗಿಲಲ್ಲಿ ನಿಂತವರಿಗೆ ಹಿಂದೆ ಆಸರೆಯೇ ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಬಸ್ಸಿನಿಂದ ಯಾರೂ ಕೆಳಗೆ ಬಿದ್ದಿಲ್ಲ. ಆದರೆ ಆ ಯೋಚನೆ ಇಲ್ಲದೆ ಒಂದು ದಿನವೂ ಬಸ್ ಓಡಿಸಿಲ್ಲ.

ನಾಲ್ಕನೇ ಸ್ಟಾಪಿನ ಸರ್‌ಗೆ: ನಿಮ್ಮ ಸ್ಟಾಪಿಗೆ ಮುಂಚಿನ ಸ್ಟಾಪು ಬಿಟ್ಟ ಕೂಡಲೇ ಬಾಗಿಲ ಕಡೆ ಹೊರಡಿ. ನಿಮ್ಮ ಸ್ಟಾಪು ಬಂದ ಮೇಲೆ ಎದ್ದರೆ ಯಾರಿಗೂ ಆಗುವುದಿಲ್ಲ. ನಿಮ್ಮ ಮುಂದಿನವರನ್ನು "ನೀವು ಇಲ್ಲೇ ಇಳಿಯುತ್ತೀರಾ?" ಎಂದು ಕೇಳಿ. ಇಲ್ಲ ಅಂದರೆ ಅವರೇ ಸರಿದು ದಾರಿ ಬಿಡುತ್ತಾರೆ. ಹೆಚ್ಚಿನವರು ಬಿಡುತ್ತಾರೆ, ನಾನು ದಿನಾ ನೋಡುತ್ತೇನೆ. ಬಾಗಿಲಲ್ಲಿ ನಿಂತವರೂ ಒಂದು ಕೆಲಸ ಮಾಡಬಹುದು. ಸ್ಟಾಪು ಬಂದಾಗ ಕೆಳಗೆ ಇಳಿದು ಪಕ್ಕಕ್ಕೆ ನಿಲ್ಲಿ, ಒಳಗಿನವರು ಇಳಿಯಲಿ, ಆಮೇಲೆ ಮೊದಲು ನೀವೇ ಹತ್ತಿ. ನಿಮ್ಮನ್ನು ಬಿಟ್ಟು ಯಾವ ಡ್ರೈವರೂ ಹೋಗುವುದಿಲ್ಲ.

ಕಿಟಕಿ ಪಕ್ಕ:
ಕೆಳಗೆ ಇಳಿದು ಮತ್ತೆ ಹತ್ತುವುದು! ನಾನು ಯಾರೂ ಹಾಗೆ ಮಾಡುವುದನ್ನು ನೋಡಿಲ್ಲ. ಮಾಡಿದರೆ ಎಷ್ಟು ಸುಲಭ.

ವೇಳಾಪಟ್ಟಿ:
ನಾನು ಬಸ್ಸುಗಳ ಸಮಯ ಹಾಕುವ ಕಚೇರಿಯಲ್ಲಿ ಇದ್ದವನು. ಆ ಅಜ್ಜಿ ಯಾಕೆ 35 ನಿಮಿಷ ಕಾಯಬೇಕಾಯಿತು ಎಂಬುದಕ್ಕೂ ಈ ಬಾಗಿಲಿಗೂ ಸಂಬಂಧ ಇದೆ.

ಒಬ್ಬರು ಹತ್ತಲು ಸಾಮಾನ್ಯವಾಗಿ ಎರಡು ಮೂರು ಸೆಕೆಂಡ್ ಸಾಕು. ಬಾಗಿಲು ಕಟ್ಟಿದ್ದರೆ ಅದೇ ಎರಡರಷ್ಟು ಆಗುತ್ತದೆ. ಹೀಗೆ ಪ್ರತಿ ಸ್ಟಾಪಿನಲ್ಲೂ ಬಸ್ಸು ಸ್ವಲ್ಪ ಸ್ವಲ್ಪ ತಡವಾಗುತ್ತದೆ. ತಡವಾದಷ್ಟೂ ಮುಂದಿನ ಸ್ಟಾಪಿನಲ್ಲಿ ಕಾಯುವವರು ಜಾಸ್ತಿ ಆಗುತ್ತಾರೆ. ಅವರನ್ನು ಹತ್ತಿಸಿಕೊಳ್ಳಲು ಮತ್ತೆ ತಡ. ಹಿಂದೆ ಬರುವ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಎಷ್ಟೋ ಹೊತ್ತು ಬಸ್ಸೇ ಇಲ್ಲ, ಆಮೇಲೆ ಒಟ್ಟಿಗೆ ಎರಡು ಬರುತ್ತವೆ ಅಲ್ವಾ? ಕಾರಣ ಇದೇ. ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು 1964ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಅವರ ಲೆಕ್ಕದ ತಿರುಳು ಇಷ್ಟೇ: ಒಂದು ಸಣ್ಣ ತಡ ತಾನಾಗಿ ಸರಿಹೋಗುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ.

ಹಾಗಂತ ಎಲ್ಲ ತಪ್ಪನ್ನೂ ಪ್ರಯಾಣಿಕರ ತಲೆಗೆ ಕಟ್ಟಬಾರದು. ಬಸ್ಸುಗಳೇ ಕಡಿಮೆ ಇದ್ದರೆ ಯಾರು ಎಷ್ಟು ಸರಿದರೂ ರಶ್ ಇದ್ದೇ ಇರುತ್ತದೆ. ಬಸ್ಸಿನ ಲೆಕ್ಕದಲ್ಲಿ ನಿಲ್ಲುವ ಜಾಗಕ್ಕೆ ಒಂದು ಚದರ ಮೀಟರಿಗೆ 4 ಜನ ಎಂದು ಹಿಡಿಯುವುದು ರೂಢಿ. ಬೆಳಗ್ಗೆ ಸಂಜೆ ಅದೇ ಜಾಗದಲ್ಲಿ ಆರು ಜನ ನಿಂತಿರುತ್ತಾರೆ. ಅಷ್ಟು ಒತ್ತೊತ್ತಾಗಿ ನಿಂತವರಿಂದ ಒಳ್ಳೆಯ ನಡತೆ ಕೇಳುವಾಗ ಇದನ್ನೂ ಮರೆಯಬಾರದು.

ಹಿಂದಿನ ಸೀಟು:
ನೀವು ಹೇಳಿದ್ದು ಸರಿ. ಆದರೆ ಬಸ್ಸು ಜಾಸ್ತಿ ಬರುವವರೆಗೆ ಕಾಲು ಅಗಲಿಸಿ ಕೂತವರು ಹಾಗೇ ಕೂತಿರಲಿ ಅನ್ನಲು ಆಗುತ್ತಾ? ಇಬ್ಬರ ಸೀಟಿನಲ್ಲಿ ಒಂದೂವರೆ ಅವರದ್ದು, ಅರ್ಧ ನನ್ನದು. ದಿನಾ ಒಂದು ತೊಡೆ ಹೊರಗೆ ಇಟ್ಟುಕೊಂಡು ಹೋಗುತ್ತೇನೆ. ಈ ಚಾಳಿ ಎಷ್ಟು ಸಾಮಾನ್ಯ ಅಂದರೆ, 2017ರಲ್ಲಿ ಮ್ಯಾಡ್ರಿಡ್ ನಗರದ ಬಸ್ಸುಗಳಲ್ಲಿ "ಕಾಲು ಅಗಲಿಸಿ ಕೂರಬೇಡಿ" ಎಂದು ಹೇಳುವ ಚಿತ್ರ ಅಂಟಿಸಿದರು.

ಹಳೇ ಪ್ರಯಾಣಿಕ:
ಇದು ಈಗಿನ ಕಾಲದ ಚಾಳಿ ಅಲ್ಲ ಮಗಾ. ಲಂಡನ್ನಿನ ಟೈಮ್ಸ್ ಪತ್ರಿಕೆ 1836ರ ಜನವರಿಯಲ್ಲಿ ಬಸ್ಸಿನಲ್ಲಿ ಹೇಗಿರಬೇಕು ಎಂದು ಒಂದು ನಿಯಮದ ಪಟ್ಟಿ ಹಾಕಿತ್ತು. ಆಗ ಕುದುರೆ ಎಳೆಯುವ ಬಸ್ಸು. ಸೀಟಿನ ಮೇಲೆ ಕಾಲು ಇಡಬೇಡಿ, ಕಾಲು ಅಗಲಿಸಿ ಇಬ್ಬರ ಜಾಗ ಹಿಡಿಯಬೇಡಿ, ಇಳಿಯುವ ಮೊದಲೇ ದುಡ್ಡು ತೆಗೆದಿಡಿ, ಕಂಡಕ್ಟರ್ ಹತ್ತಿರ ಚಿಲ್ಲರೆಗೆ ಪೀಡಿಸಬೇಡಿ, ದೊಡ್ಡ ಗಂಟು ತರಬೇಡಿ, ಉಗುಳಬೇಡಿ, ಜಗಳ ಇದ್ದರೆ ಹೊರಗೆ ಬಯಲಲ್ಲಿ ಇಟ್ಟುಕೊಳ್ಳಿ. ಎಲ್ಲವೂ ಅದರಲ್ಲಿದೆ.

ಬಸ್ ಎಂಬ ಮಾತು ಬಂದಿದ್ದು ಆಮ್ನಿಬಸ್ ಎಂಬುದರಿಂದ. ಲ್ಯಾಟಿನ್‌ನಲ್ಲಿ ಅದಕ್ಕೆ "ಎಲ್ಲರಿಗಾಗಿ" ಎಂದು ಅರ್ಥ. ಆದರೆ ಅದಕ್ಕೂ ಮುಂಚೆ, 1662ರಲ್ಲಿ, ಪ್ಯಾರಿಸ್‌ನಲ್ಲಿ ಗಣಿತಜ್ಞ ಪಾಸ್ಕಲ್ ಮುಂದೆ ನಿಂತು ಇಂಥದೇ ಬಂಡಿಗಳನ್ನು ಶುರು ಮಾಡಿಸಿದ್ದರು. ಗೊತ್ತುಪಡಿಸಿದ ದಾರಿ, ಗೊತ್ತುಪಡಿಸಿದ ದರ. ಆದರೆ ಸೈನಿಕರು, ಕೂಲಿಯವರು ಹತ್ತುವಂತಿರಲಿಲ್ಲ. ಕೆಲವೇ ವರ್ಷದಲ್ಲಿ ಅದು ನಿಂತುಹೋಯಿತು. ನನಗೆ ಅದು ಆಗಾಗ ನೆನಪಾಗುತ್ತದೆ. ಯಾರು ಹತ್ತಬಹುದು, ಯಾರು ಹತ್ತಬಾರದು ಎಂಬ ಬೇಲಿ ತೆಗೆಯಲು ಎಷ್ಟೋ ಕಾಲ ಹಿಡಿದಿದೆ. ಈಗ ಬಾಗಿಲಲ್ಲಿ ನಿಂತು ನಾವೇ ಆ ಬೇಲಿ ಹಾಕಿದ ಹಾಗಾಯಿತು.

ಬೆನ್ನಿನ ಬ್ಯಾಗು:
ನಾನು ವಿದ್ಯಾರ್ಥಿ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಪುಸ್ತಕ, ನೀರಿನ ಬಾಟಲಿ. ಒಂದು ದಿನ ತಿರುಗಿದಾಗ ಕೂತಿದ್ದ ಮಗುವಿನ ಮುಖಕ್ಕೆ ಬ್ಯಾಗ್ ಬಡಿಯಿತು. ಮಗು ಅತ್ತಾಗಲೇ ನನಗೆ ಗೊತ್ತಾಗಿದ್ದು. ಅದರ ತಾಯಿ ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು. ಆ ನೋಟ ಇನ್ನೂ ಕಣ್ಣ ಮುಂದೆ ಇದೆ. ಬೆನ್ನಿಗೆ ಕಣ್ಣಿಲ್ಲ, ಹಾಗಾಗಿ ಅಲ್ಲಿ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ.

ಈಗ ಹತ್ತುವ ಮೊದಲೇ ಬ್ಯಾಗನ್ನು ಎದೆ ಕಡೆಗೆ ಹಾಕಿಕೊಳ್ಳುತ್ತೇನೆ. ಜಾಗ ಸಿಕ್ಕರೆ ಕಾಲ ನಡುವೆ ನೆಲಕ್ಕೆ ಇಡುತ್ತೇನೆ. ಕೂತವರು ಯಾರಾದರೂ "ಕೊಡಪ್ಪ, ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ" ಅಂದರೆ ಆ ದಿನವೆಲ್ಲ ಖುಷಿ.

ರಾತ್ರಿ ಪಾಳಿ:
ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸ್ಪೀಕರ್ ಹಾಕಿ ವಿಡಿಯೋ ನೋಡುವವರು. ರಾತ್ರಿಯೆಲ್ಲ ಕೆಲಸ ಮಾಡಿ ಬೆಳಗ್ಗೆ ಬಸ್ ಹತ್ತುತ್ತೇನೆ. ನಲವತ್ತು ನಿಮಿಷ ಕಣ್ಣು ಮುಚ್ಚಿದರೆ ಅದೇ ನನ್ನ ಪಾಲಿನ ನಿದ್ದೆ, ಮನೆಗೆ ಹೋದ ಮೇಲೆ ಮಕ್ಕಳನ್ನು ಹೊರಡಿಸಬೇಕು. ಆ ನಲವತ್ತು ನಿಮಿಷದಲ್ಲಿ ಮೂರು ಫೋನಿನಿಂದ ಮೂರು ಥರ ಸದ್ದು. ಇಯರ್‌ಫೋನ್ ಇಲ್ಲದಿದ್ದರೆ ಸದ್ದು ತೆಗೆದು ನೋಡಿ, ದಯವಿಟ್ಟು. ಅಷ್ಟೇ ಕೇಳುವುದು.

ಕಿಟಕಿ ಪಕ್ಕ:
ಫೋನಿನಲ್ಲಿ ಜೋರಾಗಿ ಮಾತಾಡುವುದೂ ಸೇರಿಸಿ. ಇಬ್ಬರು ಎದುರೆದುರು ಮಾತಾಡಿದರೆ ಇಷ್ಟು ಕಿರಿಕಿರಿ ಆಗುವುದಿಲ್ಲ, ಫೋನಿನ ಮಾತು ಯಾಕೆ ಹೀಗೆ ಕೊರೆಯುತ್ತದೆ ಎಂದು ಯೋಚಿಸುತ್ತಿದ್ದೆ. ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಒಂದೇ ಕಡೆಯ ಮಾತು ಕೇಳಿದಾಗ ಮುಂದೇನು ಬರುತ್ತದೆ ಎಂದು ಊಹಿಸಲು ಆಗುವುದಿಲ್ಲ. ನಾವು ಬೇಡ ಅಂದರೂ ಮನಸ್ಸು ಆ ಕಡೆಗೇ ಎಳೆಯುತ್ತದೆ.

ಕಾಣದ ನೋವು:
ಸೀಟಿನ ಬಗ್ಗೆ ಒಂದು ಮಾತು. ನನಗೆ 26 ವರ್ಷ. ನೋಡಲು ಗಟ್ಟಿಮುಟ್ಟಾಗಿ ಇದ್ದೇನೆ. ಕೀಲುನೋವಿನ ಕಾಯಿಲೆ ಇದೆ, ಹತ್ತು ನಿಮಿಷ ನಿಂತರೆ ಮೊಣಕಾಲು ಬಾತುಕೊಳ್ಳುತ್ತದೆ. ವಿಶೇಷ ಸೀಟಿನಲ್ಲಿ ಕೂತರೆ ಸುತ್ತಲಿನವರ ಮಾತು ಕೇಳಬೇಕು: "ಈಗಿನ ಹುಡುಗಿಯರಿಗೆ ದೊಡ್ಡವರು ಅಂದರೆ ಲೆಕ್ಕವೇ ಇಲ್ಲ." ಒಂದು ಸಲ ಎದ್ದು ನಿಂತುಬಿಟ್ಟೆ. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ.

ದೊಡ್ಡವರಿಗೆ ಸೀಟು ಕೊಡದ ಗಟ್ಟಿ ಆಳುಗಳು ಇಲ್ಲ ಅಂತಲ್ಲ. ಕಿಟಕಿ ಕಡೆ ಮುಖ ತಿರುಗಿಸಿ ನಿದ್ದೆ ಬಂದ ಹಾಗೆ ಮಾಡುವವರನ್ನು ನಾನೂ ನೋಡಿದ್ದೇನೆ. ಆದರೆ ಬಯ್ಯುವ ಮೊದಲು ಒಮ್ಮೆ ಕೇಳಿ. "ನಿಮಗೆ ನಿಲ್ಲಲು ಆಗುತ್ತಾ?" ಎಂದು ಕೇಳಿದರೆ ನಾನು ಖಂಡಿತ ಉತ್ತರ ಕೊಡುತ್ತೇನೆ. ಲಂಡನ್‌ನಲ್ಲಿ 2017ರಿಂದ ಇಂಥವರಿಗೆ "ದಯವಿಟ್ಟು ಸೀಟು ಕೊಡಿ" ಎಂಬ ಬ್ಯಾಡ್ಜ್ ಕೊಡುತ್ತಾರೆ. ಯಾವ ಕಾಯಿಲೆ ಎಂದು ಯಾರಿಗೂ ವಿವರಿಸಬೇಕಿಲ್ಲ.

ಸಂಜೆ ಬಸ್ಸು:
ನಿಮ್ಮ ಮಾತು ತಟ್ಟಿತು ಅಕ್ಕಾ. ನಾನೂ ಒಬ್ಬ ಹುಡುಗನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವನಿಗೆ ಏನಿತ್ತೋ ನನಗೇನು ಗೊತ್ತು.

ಏಳನೇ ತಿಂಗಳು:
ಕೇಳಿ ಎಂದು ಎಲ್ಲರೂ ಹೇಳುತ್ತೀರಿ. ಕೇಳುವುದು ಎಷ್ಟು ಕಷ್ಟ ಎಂದು ಹೇಗೆ ಹೇಳಲಿ? ಹೊಟ್ಟೆ ಎದುರಿಗೇ ಕಾಣುತ್ತಿದೆ. ಆದರೂ "ಸ್ವಲ್ಪ ಸೀಟು ಕೊಡ್ತೀರಾ" ಎಂಬ ಮಾತು ಗಂಟಲಿನಿಂದ ಹೊರಗೆ ಬರುವುದಿಲ್ಲ. ಯಾರಾದರೂ ಇಲ್ಲ ಅಂದರೆ ಎಲ್ಲರ ಮುಂದೆ ನಿಂತಿರಬೇಕಲ್ಲ.

ಹಳೇ ಪ್ರಯಾಣಿಕ:
ನಿನಗೊಬ್ಬಳಿಗೆ ಹೀಗೆ ಆಗುವುದಲ್ಲ ತಾಯಿ. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳನ್ನು ನೆಲದಡಿಯ ರೈಲಿಗೆ ಕಳಿಸಿದರು. ಯಾವ ಕಾರಣವನ್ನೂ ಹೇಳದೆ "ನಿಮ್ಮ ಸೀಟು ಕೊಡುತ್ತೀರಾ" ಎಂದು ಕೇಳಬೇಕು, ಅಷ್ಟೇ. ಕೇಳಲು ಹೋದವರಿಗೆ ಮೈ ಬೆವರಿತು, ಬಾಯಿ ಕಟ್ಟಿತು. ಸ್ವತಃ ಮಿಲ್‌ಗ್ರಾಮ್ ಅವರಿಗೂ ಹಾಗೇ ಆಯಿತಂತೆ. ಆದರೆ ಕೇಳಿದಾಗ 68 ಶೇಕಡಾ ಜನ ಎದ್ದರು, ಇಲ್ಲವೇ ಸರಿದು ಜಾಗ ಕೊಟ್ಟರು. ಕಾರಣವಿಲ್ಲದೆ ಕೇಳಿದವರಿಗೇ ಅಷ್ಟು ಜನ ಕೊಟ್ಟರೆ ನಿನಗೆ ಕೊಡುವುದಿಲ್ಲವೇ? ಧೈರ್ಯವಾಗಿ ಕೇಳು.

ಏಳನೇ ತಿಂಗಳು:
ಇದು ಗೊತ್ತಿರಲಿಲ್ಲ ಅಜ್ಜಾ. ನಾಳೆ ಕೇಳುತ್ತೇನೆ.

ಮೌನ ಮುರಿದವಳು:
ರಶ್‌ನಲ್ಲಿ ಮೈಮುಟ್ಟುವವರ ವಿಷಯಕ್ಕೆ ಯಾರೂ ಬರಲಿಲ್ಲ. ಅದನ್ನು ಬ್ಯಾಗು, ಸ್ಪೀಕರಿನ ಜೊತೆ ಸೇರಿಸಬೇಡಿ. ಅದು ಅಪರಾಧ. ಅಂಥವರಿಗೆ ನೂಕುನುಗ್ಗಲೇ ಮರೆ.

ನನಗಾದಾಗ ಬಸ್ಸಿನ ತುಂಬ ಜನ ಇದ್ದರು. "ಏನ್ ಮಾಡ್ತಿದ್ದೀರಿ" ಎಂದು ಕೂಗಿದೆ. ಎಲ್ಲರೂ ನೋಡಿದರು, ಯಾರೂ ಬರಲಿಲ್ಲ. ಆಮೇಲೆ ಓದಿದೆ, ಡಾರ್ಲಿ ಮತ್ತು ಲಟಾನೆ ಎಂಬವರು 1968ರಲ್ಲಿ ಮಾಡಿದ ಪ್ರಯೋಗದಲ್ಲಿ ಕಂಡದ್ದೂ ಇದೇ. ಸುತ್ತ ಜನ ಇದ್ದಾರೆ ಎಂದು ಗೊತ್ತಿದ್ದಷ್ಟೂ ಒಬ್ಬೊಬ್ಬರೂ ಮುಂದೆ ಬರುವುದು ಕಡಿಮೆ ಆಗುತ್ತದೆ. ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ.

ಎರಡನೇ ಸಲ ಆದಾಗ ಒಬ್ಬರನ್ನೇ ಹಿಡಿದೆ. "ನೀಲಿ ಶರ್ಟಿನ ಅಣ್ಣಾ, ಇಲ್ಲಿ ಬನ್ನಿ, ಈ ಮನುಷ್ಯ ನನಗೆ ತೊಂದರೆ ಕೊಡುತ್ತಿದ್ದಾನೆ." ಅವರು ಕೂಡಲೇ ಬಂದು ನಡುವೆ ನಿಂತರು. ಅವರು ಬಂದ ಮೇಲೆ ಇನ್ನೂ ಮೂವರು ಬಂದರು. ಕಂಡಕ್ಟರ್ ಬಸ್ ನಿಲ್ಲಿಸಿದರು. ನೋಡುತ್ತಾ ಕೂರುವವರಿಗೆ ನನ್ನ ಬೇಡಿಕೆ: ಹೆಣ್ಣುಮಗಳು ಒಬ್ಬಳು ಪದೇ ಪದೇ ಜಾಗ ಬದಲಿಸುತ್ತಿದ್ದರೆ, "ಇಲ್ಲಿ ಬಾಮ್ಮ, ಈ ಕಡೆ ನಿಲ್ಲು" ಅನ್ನಿ. ಜಗಳಕ್ಕೆ ಹೋಗಬೇಕಿಲ್ಲ. ಆ ಒಂದು ಕರೆ ಸಾಕು.

ಸ್ಟಿಯರಿಂಗ್ ಹಿಂದೆ:
ನೀವು ಮಾಡಿದ್ದು ಸರಿ ಮೇಡಂ. ನಮಗೂ ಹೇಳಿ. ಹಿಂದೆ ನಡೆಯುವುದು ನಮಗೆ ಕಾಣುವುದಿಲ್ಲ, ಆದರೆ ಕಿವಿ ಇದೆ.

ಸಂಜೆ ಬಸ್ಸು:
ಮೂರು ದಿನ ಆಯಿತು ಇದನ್ನು ಬರೆದು. ಇವತ್ತು ಸಂಜೆ ನಾನು ಬಸ್ಸಿನ ಒಳಗಿದ್ದೆ. ನಡುವೆ, ಸೀಟುಗಳ ಸಂದಿಯಲ್ಲಿ. ಒಂದು ಸ್ಟಾಪಿನಲ್ಲಿ ಜನ ತುಂಬ ಇದ್ದರು. ಬಾಗಿಲಲ್ಲಿ ಮಾಮೂಲಿನ ಹಾಗೆ ಗುಂಪು. ನನ್ನ ಹಿಂದೆ ಜಾಗ ಇತ್ತು.

ಎದೆ ಡವಡವ ಅನ್ನುತ್ತಿತ್ತು. ಜೋರಾಗಿ "ಹಿಂದೆ ಜಾಗ ಇದೆ, ಎರಡು ಹೆಜ್ಜೆ ಬನ್ನಿ" ಅಂದೆ. ಯಾರೂ ಬರಲಿಲ್ಲ. ಒಬ್ಬರು ನನ್ನನ್ನು ನೋಡಿ "ನಿಮಗ್ಯಾಕೆ" ಅಂದರು. ಮೊದಲು ನಾನೇ ನಾಲ್ಕು ಹೆಜ್ಜೆ ಹಿಂದೆ ಹೋದೆ. ಆಮೇಲೆ ಮುಂದೆ ನಿಂತಿದ್ದ ಒಬ್ಬರನ್ನು ನೋಡಿ, "ಕನ್ನಡಕದ ಸರ್, ನೀವು ಬನ್ನಿ" ಅಂದೆ. ನೀಲಿ ಶರ್ಟಿನ ಮಾತು ನೆನಪಿತ್ತು. ಅವರು ಬಂದರು. ಅವರ ಹಿಂದೆ ಇನ್ನೊಬ್ಬರು. ಹಾಗೇ ಜನ ನಿಧಾನವಾಗಿ ಸರಿದರು. ಎಣಿಸಿದೆ, ಏಳು ಜನ ಹತ್ತಿದರು. ಕೆಳಗೆ ಇನ್ನೂ ಮೂವರು ಉಳಿದರು. ಅವರಿಗೆ ಜಾಗ ಮಾಡಿಕೊಡಲು ಆಗಲಿಲ್ಲ.

ಏಳನೇ ತಿಂಗಳು:
ನಾನೂ ಕೇಳಿದೆ. ಹೇಳಿ ಮುಗಿಸುವ ಮುಂಚೆಯೇ ಇಬ್ಬರು ಎದ್ದರು.

ನಾಲ್ಕನೇ ಸ್ಟಾಪು:
ಎಲ್ಲ ಓದಿದೆ. ನಾಳೆಯಿಂದ ಒಳಗೆ ಹೋಗಿ ನಿಲ್ಲುತ್ತೇನೆ. ಮುಂಚಿನ ಸ್ಟಾಪಿನಲ್ಲೇ ಹೊರಡುತ್ತೇನೆ, ಮುಂದಿನವರನ್ನು ಕೇಳುತ್ತೇನೆ. ಇಷ್ಟಾದರೂ ಬಾಗಿಲಿಗೆ ಬರಲು ಆಗದಿದ್ದರೆ?

ಸ್ಟಿಯರಿಂಗ್ ಹಿಂದೆ:
"ಇಳಿಯೋರಿದ್ದಾರೆ" ಎಂದು ಕೂಗಿ ಸರ್. ಜೋರಾಗಿ ಕೂಗಿ. ನಿಲ್ಲಿಸುತ್ತೇವೆ.